ಎಂಜಿನ್ನಿಗೆ ಜ್ವರ ಎಷ್ಟಿದೆ ಮೇಡಂ?

ಸತ್ಯಮಂಗಲದಲ್ಲಿ ನಂದೊಂದು ಸಣ್ಣ ವರ್ಕ್‌ಶಾಪ್ ಇದೆ. ರಸ್ತೆ ಬಿಟ್ಟು ಹೊಲ, ಗುಡ್ಡಗಳಲ್ಲಿ ಓಡೋ ಗಾಡಿಗಳಿಗೆ ಟೆಂಪರೇಚರ್ ಮೀಟರ್ ಕೂರಿಸೋದು ನನ್ನ ಕೆಲಸ. ಈ ಗಾಡಿಗಳಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಎಂಜಿನ್ ಮೈಗೆ ಗಾಳಿ ಬಡಿದೇ ತಣ್ಣಗಾಗಬೇಕು. ಸ್ಪಾರ್ಕ್ ಪ್ಲಗ್ಗಿನ ಕೆಳಗೆ ಒಂದು ಉಂಗುರ, ಅಲ್ಲಿಂದ ಒಂದು ವೈರು, ಹ್ಯಾಂಡಲ್ ಮೇಲೆ ಮೀಟರ್. ಇದರಲ್ಲಿ ನಗೋದಕ್ಕೇನಿದೆ ಅಂತ ನಾನೂ ಅಂದ್ಕೊಂಡಿದ್ದೆ. ಎಂಜಿನ್ನುಗಳು ಇವತ್ತಿನವರೆಗೂ ನಗಿಸಿಲ್ಲ. ಅವುಗಳ ಯಜಮಾನರು ಮಾತ್ರ ವಾರಕ್ಕೊಬ್ಬರಾದರೂ ಬರ್ತಾರೆ.

ಮೀಟರ್ ತಂದ ಕಾಯಿಲೆ

ಗೂಳೂರಿನ ರೈತರೊಬ್ಬರು ಕಳೆ ತೆಗೆಯೋ ಸಣ್ಣ ಟಿಲ್ಲರಿಗೆ ಮೀಟರ್ ಹಾಕಿಸಿಕೊಂಡು ಹೋದವರು ಮೂರೇ ದಿನಕ್ಕೆ ವಾಪಸ್ ಬಂದರು.

"ಮೇಡಂ, ಇದನ್ನ ಬಿಚ್ಚಾಕ್ಬುಡಿ."

"ಯಾಕಣ್ಣ, ಕೆಟ್ಟೋಯ್ತಾ?"

"ಮೀಟ್ರು ಸರ್ಯಾಗೈತೆ, ಎಂಜಿನ್ ಕೆಡ್ತು. ಮೊದ್ಲು ಬಿಸೀನೇ ಆಯ್ತಿರ್ಲಿಲ್ಲ. ಇದನ್ನ ಹಾಕಿದ ದಿನದಿಂದ ನೂರಿಪ್ಪತ್ತು ತೋರುಸ್ತಾ ಐತೆ."

"ಮೊದ್ಲೂ ಅಷ್ಟೇ ಆಗ್ತಿತ್ತು ಅಣ್ಣ, ನಿಮಗೆ ಗೊತ್ತಾಗ್ತಿರ್ಲಿಲ್ಲ. ನೂರಿಪ್ಪತ್ತು ಅಂದ್ರೆ ಆರೋಗ್ಯವಾಗಿದೆ ಅಂತ."

"ನನ್ನ ಕಥೇನೂ ಇಂಗೇ ಮೇಡಂ. ಅರವತ್ತು ವರ್ಷ ಕಲ್ಲುಗುಂಡಿನಂಗಿದ್ದೆ. ಡಾಕ್ಟ್ರು ತೋಳಿಗೆ ಪಟ್ಟಿ ಸುತ್ತಿ ನೋಡಿದ್ರು. ಅವತ್ತೇ ಬಿ.ಪಿ. ಬಂತು."

ಮೀಟರ್ ಬಿಚ್ಚಿಸಿಕೊಂಡೇ ಹೋದರು. ಹೊರಡುವಾಗ ಟಿಲ್ಲರನ್ನ ತಟ್ಟಿ ಹೇಳಿದರು: "ವಾಸಿ ಆಯ್ತು ಬುಡಪ್ಪ."

ಸ್ವೆಟರ್

ಸಿ.ಎಸ್. ಪುರದ ಕಡೆಯ ನಿವೃತ್ತ ಮೇಷ್ಟ್ರು ಹೊಲಕ್ಕೆ ಹೋಗಿಬರೋಕೆ ಎಟಿವಿ ತಗೊಂಡಿದ್ದರು. ಬೈಕಿನ ಥರ ಕೂತು ಓಡಿಸೋ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ. ಒಂದಿನ ಫೋನ್ ಮಾಡಿ, "ಟೆಂಪರೇಚರ್ ಇನ್ನೂರು ದಾಟ್ತಿದೆ, ಬಂದು ನೋಡ್ಬೇಕು" ಅಂದರು.

ಹೋಗಿ ನೋಡಿದರೆ ಎಂಜಿನ್ ಕಾಣಿಸ್ತಾನೇ ಇಲ್ಲ. ಸುತ್ತ ದಪ್ಪ ಬಟ್ಟೆಯ ಕವರ್. ಅಚ್ಚುಕಟ್ಟಾಗಿ ಕಾಜಾ, ಗುಂಡಿ.

"ಧೂಳು ಕೂರ್ಬಾರ್ದು ಅಂತ ನಮ್ಮನೆಯವರು ಹೊಲಿದುಕೊಟ್ಟಿದ್ದಾರೆ" ಅಂದರು ಮೇಷ್ಟ್ರು.

"ಸಾರ್, ಇದು ಗಾಳಿ ತಗೊಂಡು ತಣ್ಣಗಾಗೋ ಎಂಜಿನ್ನು. ಬೇಸಿಗೇಲಿ ಸ್ವೆಟರ್ ಹಾಕಿ ಓಡಿಸ್ದಂಗಾಯ್ತು."

ಮೇಷ್ಟ್ರು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಗೊತ್ತು ಕಣಮ್ಮ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೀನಿ. ಈ ಮಾತನ್ನ ಸ್ವಲ್ಪ ನೀನೇ ಅವರಿಗೆ ಹೇಳು. ಕರೆಸಿದ್ದು ಅದಕ್ಕೇ."

ನೂರೆಂಬತ್ತು

ಗುಬ್ಬಿ ಹತ್ತಿರದ ಒಂದು ರೆಸಾರ್ಟಿನವರು ಬಾಡಿಗೆಗೆ ಬಿಡೋ ಎಟಿವಿಗೆ ಮೀಟರ್ ಹಾಕಿಸಿದರು. ಭಾನುವಾರ ಮ್ಯಾನೇಜರ್ ಫೋನ್ ಮಾಡಿದ. "ಮೇಡಂ, ಬಂದೋರೆಲ್ಲ ಇದನ್ನ ಸ್ಪೀಡು ಅಂದ್ಕೊಂಡವ್ರೆ. ಈಗಷ್ಟೇ ಒಬ್ರು ಇಳಿದು, ನೂರೆಂಬತ್ತರಲ್ಲಿ ಹೋದ್ರೂ ಟೋಪಿ ಹಾರ್ಲಿಲ್ಲ, ಏನ್ ಗಾಡಿ ಸಾರ್ ಅಂತ ನನ್ನ ಕೈ ಕುಲುಕಿದ್ರು."

ಹನಿ ಪರೀಕ್ಷೆ

ಕುಣಿಗಲ್ ಹತ್ತಿರ ಒಬ್ಬರು ಗುಡ್ಡದ ಬುಡದಲ್ಲಿ ಹೊಸದಾಗಿ ಸಾಹಸ ಪಾರ್ಕ್ ಶುರು ಮಾಡಿದ್ದರು. ಹನ್ನೆರಡು ಎಟಿವಿ. ಅಷ್ಟಕ್ಕೂ ನನ್ನ ಮೀಟರ್ ಹಾಕಿಸಿದರೆ ನನ್ನ ವರ್ಕ್‌ಶಾಪಿಗೆ ಒಂದು ವರ್ಷದ ಉಸಿರು. ಕನ್ನಡಿ ಮುಂದೆ ನಿಂತು ಮಾತು ಅಭ್ಯಾಸ ಮಾಡ್ಕೊಂಡು ಹೋದೆ.

ಗಡಿಬಿಡಿಯಲ್ಲಿ ಒಂದು ಗಾಡಿಗೆ ಮೀಟರ್ ಕೂರಿಸಿ, ಅರ್ಧ ಗಂಟೆ ಗುಡ್ಡ ಹತ್ತಿ ಇಳಿದು, ಎಂಜಿನ್ ಆಫ್ ಮಾಡದೆ ಯಜಮಾನರ ಮುಂದೆ ನಿಲ್ಲಿಸಿದೆ.

"ನೋಡಿ ಸಾರ್, ಎಂಬತ್ತೈದು. ಇನ್ನೂ ಒಂದು ಗಂಟೆ ಧಾರಾಳವಾಗಿ ಓಡಿಸ್ಬಹುದು. ಕಣ್ಣು, ಮೂಗು ನಂಬ್ಬೇಡಿ. ಮೀಟರ್ ನಂಬಿ."

ಯಜಮಾನರ ತಾಯಿ ಪಾರ್ಕಿನ ಕ್ಯಾಂಟೀನ್ ನೋಡ್ಕೊಳ್ತಿದ್ದರು. ಚೊಂಬು ಹಿಡ್ಕೊಂಡು ಬಂದು, ಬೆರಳು ಅದ್ದಿ, ಎಂಜಿನ್ ಮೇಲೆ ನಾಲ್ಕು ಹನಿ ಸಿಡಿಸಿದರು. ಹನಿಗಳು ಚುಂಯ್ ಅನ್ನಲಿಲ್ಲ. ಗೋಲಿಗಳ ಥರ ಅತ್ತಿತ್ತ ಓಡಾಡಿ ಕೆಳಕ್ಕೆ ಬಿದ್ದವು.

"ಮೊದ್ಲು ಆಫ್ ಮಾಡಮ್ಮ. ಚುಂಯ್ ಅಂದ್ರೆ ಹದ. ಇಂಗೆ ಓಡಾಡಿದ್ರೆ ದೋಸೆ ಸೀದೋಯ್ತದೆ."

ಆಫ್ ಮಾಡಿ ಬಗ್ಗಿ ನೋಡಿದೆ. ಉಂಗುರವನ್ನ ಪ್ಲಗ್ಗಿನ ಕೆಳಗೆ ಸಿಕ್ಕಿಸೋದನ್ನೇ ಮರೆತಿದ್ದೆ. ಅದು ಪಕ್ಕದಲ್ಲಿ ನೇತಾಡ್ತಾ ಗಾಳಿಯ ಬಿಸಿ ಅಳೀತಿತ್ತು. ಸಿಕ್ಕಿಸಿ ಬಿಗಿ ಮಾಡಿದ ಮೇಲೆ ಮೀಟರ್ ಇನ್ನೂರ ಹತ್ತು ಅಂತು. ಕನ್ನಡಿ ಮುಂದೆ ಈ ಭಾಗಕ್ಕೆ ಮಾತು ಅಭ್ಯಾಸ ಮಾಡಿರಲಿಲ್ಲ.

ಯಜಮಾನರು ನಿಧಾನವಾಗಿ ಕೇಳಿದರು. "ಮೇಡಂ, ಮೀಟ್ರಿಗೆ ಎಷ್ಟು ವರ್ಷ ಗ್ಯಾರಂಟಿ?"

"ಒಂದು ವರ್ಷ ಸಾರ್."

"ನಮ್ಮಮ್ಮಂಗೆ ಎಪ್ಪತ್ತೆರಡು. ಇನ್ನೂ ರಿಪೇರಿಗೆ ಬಂದಿಲ್ಲ."

ಸಾಮಾನು ಬ್ಯಾಗಿಗೆ ತುಂಬ್ತಿದ್ದೆ. ತಾಯಿ ಮೀಟರನ್ನ ಕೈಗೆ ತಗೊಂಡು ತಿರುಗಿಸಿ ನೋಡಿದರು.

"ಏನಮ್ಮಾ, ಇದು ದೋಸೆ ಹಂಚಿಗೆ ಕೂರ್ತದಾ?"

"ಕೂರುತ್ತೆ ಅಮ್ಮ. ಆದ್ರೆ ನಿಮಗೆ ಯಾಕೆ?"

"ನಂಗಲ್ಲ. ನಾನಿಲ್ದಾಗ ಹಂಚಿನ ಮುಂದೆ ನಿಲ್ಲೋನು ಇವ್ನೇ" ಅಂತ ಮಗನ ಕಡೆ ಕೈ ತೋರಿಸಿದರು. "ಒಂದು ದೋಸೆನಾದ್ರೂ ನೆಟ್ಟಗೆ ಎದ್ದಿದ್ರೆ ಕೇಳು."