ಅತ್ತೆಯ ಕಾಲುನೋವು

ನಮ್ಮ ಅತ್ತೆ ವರ್ಷಾನುಗಟ್ಟಲೆ ಕುಡಿದಾಗಲೂ ಅಲುಗದೆ ನಿಂತಿದ್ದ ಮನೆತನದ ಮಾನ, ಆಕೆ ಕುಡಿಯುವುದನ್ನು ಬಿಟ್ಟ ದಿನ ದಡಕ್ಕನೆ ಬಿತ್ತು! ನಂಬುವುದಿಲ್ಲವೇ? ನಂಬಬೇಡಿ. ನಮ್ಮಪ್ಪನೂ ಇನ್ನೂ ನಂಬಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಸೋಲಾಪುರದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುವ ಕೆಲಸ. ಮಾವ ಲಾರಿ ಚಾಲಕ. ಮನೆಗೆ ಬರುವುದು ಹಬ್ಬ ಬಂದ ಹಾಗೆ. ಅತ್ತೆ ಸಂಜೆ ಕಾರ್ಖಾನೆಯಿಂದ ಬಂದು, ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿ, ಒಂದು ಸ್ಟೀಲಿನ ಗ್ಲಾಸು ತೆಗೆಯುತ್ತಿದ್ದಳು. ಗ್ಲಾಸಿನ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಶೇಂಗಾ ಚಟ್ನಿ. ಗ್ಲಾಸಿನ ಒಳಗೆ? ಹಾಗೆಲ್ಲ ಕೇಳಬಾರದು! ಮನೆಗೆ ಬಂದ ಪಾವಣೇರು ಯಾರಾದರೂ ಕೇಳಿದರೆ ನಮ್ಮವ್ವ ಕೂಡಲೇ, "ಅಕಿ ಕಾಲು ಭಾಳ ನೋಯ್ತಾವ್ರಿ, ದಿನಾ ಸಂಜೀಕ ಔಷಧ ತಗೋತಾಳ" ಎನ್ನುತ್ತಿದ್ದಳು. ಔಷಧಕ್ಕೆ ಚಟ್ನಿ ಯಾಕೆ? ಕಹಿ ಇರುತ್ತದಲ್ಲ!

ಔಷಧ ಹೊಟ್ಟೆಗೆ ಇಳಿದ ಮೇಲೆ ಅತ್ತೆ ಕನ್ನಡ ಬಿಟ್ಟು ಶಾಲೆಯ ಬಹುಮಾನ ಸಮಾರಂಭದ ಮರಾಠಿಗೆ ಏರುತ್ತಿದ್ದಳು. ಹೊಸ್ತಿಲ ಮೇಲೆ ನಿಂತು, ಇಡೀ ಗಲ್ಲಿಗೆ "ಮಾನನೀಯ ಅಧ್ಯಕ್ಷ ಮಹೋದಯ" ಎಂದು ಶುರು. ನಮ್ಮ ಕಡೆ ದೊಡ್ಡವರಿಗೆ ಟಾವೆಲ್ ಹೊದಿಸಿ ಸತ್ಕಾರ ಮಾಡುವ ರೂಢಿ ಉಂಟಷ್ಟೆ? ಅತ್ತೆಗೆ ಕಾರ್ಖಾನೆಯ ತಿರಸ್ಕೃತ ಟಾವೆಲ್ಲುಗಳಿಗೇನು ಬರ! ಹಾಲಿನವನಿಗೆ ಸತ್ಕಾರ, ಪೇಪರಿನವನಿಗೆ ಸತ್ಕಾರ, ದಾಟಿ ಹೋಗುವ ಎಮ್ಮೆಗೂ ಒಮ್ಮೆ ಸತ್ಕಾರ. ಒಂದು ಸಂಜೆ ಪಕ್ಕದ ಗಲ್ಲಿಯ ನಿಶ್ಚಿತಾರ್ಥ ಹುಡುಕಿಕೊಂಡು ಮಂಗಳವೇಢೆಯಿಂದ ಬಂದ ಮುದುಕರೊಬ್ಬರು ವಿಳಾಸ ಕೇಳಿದರು. ಅತ್ತೆ ಮಾತಾಡದೆ ಟಾವೆಲ್ ಹೊದಿಸಿದಳು. ಇಷ್ಟು ಮರ್ಯಾದೆ ಸಿಕ್ಕ ಮೇಲೆ ಇದೇ ಹೆಣ್ಣಿನ ಮನೆಯೆಂದು ಮುದುಕರು ಒಳಗೆ ಬಂದು ಕೂತರು, ರೊಟ್ಟಿ-ಚಟ್ನಿ ಉಂಡರು, ಬೀಗಿತಿಗೆಂದು ತಂದ ಸೀರೆಯನ್ನು ಅತ್ತೆಯ ಕೈಗಿಟ್ಟು, ಹರಸಿ ಹೋದರು. ಆ ಸೀರೆಯನ್ನು ಅತ್ತೆ ಈಗಲೂ ಉಡುತ್ತಾಳೆ. ಎಲ್ಲಿಂದ ಬಂತೆಂದು ಆಕೆಗೆ ಬಹಳ ದಿನ ಗೊತ್ತೇ ಇರಲಿಲ್ಲ!

ನನಗೆ ಹೇಗೆ ಗೊತ್ತು? ನಾನು ಅಲ್ಲೇ ಇದ್ದೆ. ನಮ್ಮೂರು ಅಕ್ಕಲಕೋಟ ತಾಲೂಕಿನ ಹನ್ನೂರು. ಕೆಲಸ ಸೋಲಾಪುರದ ಮೊಬೈಲ್ ಅಂಗಡಿಯಲ್ಲಿ. ಹಿಂದಿರುಗುವ ಬಸ್ಸಿಗೆ ಮೊದಲು ಅತ್ತೆಯ ಮನೆಯಲ್ಲಿ ಚಹಾ. ದೇವರು ನನಗೆ ಬುದ್ಧಿ ಕೊಡುವ ಹೊತ್ತಿಗೆ ದಾಸ್ತಾನು ಮುಗಿದಿತ್ತಂತೆ, ಅದಕ್ಕೇ ಬೇರೆಯವರ ದನಿ ಕೊಟ್ಟು ಕಳಿಸಿದ. ಒಮ್ಮೆ ನೋಡಿದವರನ್ನು ಹಾಗೇ ಮಾಡಿ ತೋರಿಸುತ್ತೇನೆ. ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಮನೆಯವರು, "ಹುಡುಗ ಹೆಂಗ್ರಿ ಸ್ವಭಾವದಾಗ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಕೆಮ್ಮುವಷ್ಟರಲ್ಲಿ ಅಪ್ಪನ ದನಿಯಲ್ಲೇ "ಭಾಳ ಗಂಭೀರ ಅದಾನ್ರಿ" ಎಂದು ನಾನೇ ಹೇಳಿಬಿಟ್ಟೆ. ಎಲ್ಲರೂ ನಕ್ಕರು, ಹುಡುಗಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಸಂಬಂಧ ಮಾತ್ರ ಆಗಲಿಲ್ಲ.

ನನ್ನ ಆಟಗಳಲ್ಲಿ ಅತ್ತೆಯ ಭಾಷಣಕ್ಕೆ ಮೊದಲ ಸ್ಥಾನ. ಎರಡನೆಯದು ನಮ್ಮ ಅಜ್ಜಿಯ ದನಿ, ಅಂದರೆ ಅತ್ತೆಯ ತಾಯಿಯದು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ನಾನು ತೆಗೆದಿಲ್ಲ.

ಅಜ್ಜಿಯ ವರ್ಷದ ದಿನ ಹನ್ನೂರಿನಲ್ಲಿ ಪಂಗ್ತಿ ಕೂತಿತ್ತು. ಹುಗ್ಗಿ ಬಡಿಸುತ್ತಿದ್ದರು. ಅತ್ತೆ ಎಲೆಯ ಮುಂದೆ ಕೂತು, ಉಪ್ಪು ಕೇಳುವ ದನಿಯಲ್ಲಿ ಹೇಳಿದಳು: "ಅಣ್ಣಾ, ನಾ ಕುಡಿಯೂದು ಬಿಟ್ಟೀನಿ."

ಹುಗ್ಗಿಯ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಸುತ್ತ ನೋಡಿ, ಹಲ್ಲು ಕಚ್ಚಿ ಅಂದರು: "ಏ, ಸುಮ್ಮ ಕುಂಡ್ರು! ನೀ ಕುಡೀತಿದ್ದಿ ಅಂತ ಯಾರಿಗೆ ಗೊತ್ತದ? ಬಿಟ್ಟೀನಿ ಅಂದ್ರನ ಗೊತ್ತಾಗ್ತದ!"

"ಮುಚ್ಚಿಟ್ಟು ಕುಡದೀನಿ. ಬಿಡೂದನ್ನೂ ಮುಚ್ಚಿಟ್ಟು ಬಿಡ್ಲೇನು?"

"ಕಾಲು ನೋಯ್ತಿದ್ದೂ, ಈಗ ಕಡಿಮಿ ಆಗ್ಯಾವ ಅನ್ನು!" ಎಂದು ಅವ್ವ ಪಿಸುಗುಟ್ಟಿದಳು.

"ಕಾಲು ಹಂಗ ಅದಾವ ವೈನಿ. ಬಾಟ್ಲಿ ಬಿಟ್ಟೀನಿ" ಎಂದಳು ಅತ್ತೆ ತನ್ನ ಅತ್ತಿಗೆಗೆ.

ಇಲ್ಲಿ ಅಪ್ಪನ ಚರಿತ್ರೆ ಸ್ವಲ್ಪ ಹೇಳಬೇಕು. ಅಪ್ಪನೂ ಒಂದು ಕಾಲಕ್ಕೆ ಕುಡಿಯುತ್ತಿದ್ದರು, ಮುಚ್ಚುಮರೆಯಿಲ್ಲದೆ, ಊರ ಕಟ್ಟೆಯ ಮೇಲೆ. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಕುಡಿತ ಬಿಟ್ಟರು. ಅವತ್ತು ಭಜನೆ ಏನು, ಊಟ ಏನು, ಟಾವೆಲ್ ಟೋಪಿ ಏನು! ಎಂದೂ ಕುಡಿಯದೇ ಇದ್ದ ಅಪ್ಪನ ತಮ್ಮ, ನಮ್ಮ ಕಾಕಾನನ್ನು ಯಾರೂ ಮೂಸಲಿಲ್ಲ. ಗಂಡಸು ಕುಡಿದರೆ ಊರಿಗೆ ಮಜಾ, ಬಿಟ್ಟರೆ ಊರಿಗೆ ಊಟ. ಹೆಂಗಸು ಕುಡಿದರೆ ಕಾಲುನೋವು!

ಸುದ್ದಿ ಹೊರಬಿದ್ದೇಬಿಟ್ಟಿತಲ್ಲ, ಇನ್ನೇನು ಮಾಡುವುದೆಂದು ಅಪ್ಪ ಅತ್ತೆಗೂ ಮಾಲೆ ಹಾಕಿಕೊಳ್ಳಲು ಹೇಳಿದರು. ಅತ್ತೆ ವಿಚಾರಿಸಿದಳು: "ಮಾಲಿ ಹಾಕ್ಕೊಂಡ್ರ ಮಟನ್ನೂ ಬಿಡಬೇಕಲ್ಲ?"

"ಬಿಡಬೇಕು."

"ಕುಡದಾಕಿ ನಾ. ಅದರಾಗ ಕುರಿದೇನ್ ತಪ್ಪ ಅದ?"

ಕುರಿಯ ಅಭಿಪ್ರಾಯ ಬೇರೆ ಇದ್ದೀತು. ಯಾರೂ ಕೇಳಲಿಲ್ಲ. ಕೊರಳಲ್ಲಿ ಮಾಲೆ ಇಲ್ಲದೆ ಬಿಟ್ಟರೆ ಅದು ಬಿಟ್ಟ ಹಾಗೇ ಅಲ್ಲ ಎಂದು ಅಪ್ಪ ತೀರ್ಪು ಕೊಟ್ಟರು. "ಹೋಳಿ ತನಕ ತಡದ್ರ ನನಗ ಹೇಳು!" ಅತ್ತೆ ಎಲೆಯ ಮೇಲಿನ ಹುಗ್ಗಿ ಬಳಿದು ಉಂಡಳು, ಕೈತೊಳೆದಳು, ಸೋಲಾಪುರದ ಬಸ್ಸು ಹತ್ತಿದಳು.

ಬಿಡುವುದೇನು ಸುಲಭವೇ? ಏಳು ಗಂಟೆ ಎಂಬುದೊಂದು ಇದೆಯಲ್ಲ, ಅದು ದಿನಾ ಬರುತ್ತದೆ! ಅತ್ತೆ ಕೆರೆಯ ಸುತ್ತ ನಡೆಯಲು ಹೋದಳು. ಆಕೆಯ ಬಿರುಸು ನೋಡಿ ದಾರಿಯವರು, "ಯಾರಿಗೇನಾತ್ರಿ ಅಕ್ಕಾರ? ಯಾವ ದವಾಖಾನಿ?" ಎಂದು ಜೊತೆಗೇ ಓಡಿದರು. ಮೊಬೈಲಿನಲ್ಲಿ ಯೋಗ ಹಚ್ಚಿಕೊಟ್ಟೆ. "ಎಲ್ಲ ಚಿಂತೆಗಳನ್ನು ಉಸಿರಿನ ಜೊತೆ ಹೊರಗೆ ಬಿಡಿ" ಎಂದಳು ಪರದೆಯ ಹುಡುಗಿ. "ಅಷ್ಟ ಆಗಿದ್ರ ನಾ ಯಾಕ ಕುಡೀತಿದ್ದೆ, ಖೋಡಿ!" ಎಂದು ಅತ್ತೆ ಜಗಳಕ್ಕೇ ನಿಂತಳು. ಕೊನೆಗೆ ಅದೇ ಗ್ಲಾಸು, ಅದೇ ತಟ್ಟೆ, ಅದೇ ಚಟ್ನಿ. ಒಳಗೆ ಮಾತ್ರ ಜೀರಿಗೆ ಹಾಕಿದ ಮಜ್ಜಿಗೆ. ಗಲ್ಲಿಯವರೆಲ್ಲ ಕಾಕು ಎನ್ನುವ ಎದುರು ಮನೆಯ ಹೆಂಗಸು ದಿನಾ ಒಂದಿಲ್ಲೊಂದು ನೆಪದಲ್ಲಿ ಬಂದು ಗ್ಲಾಸು ಮೂಸಿ ಹೋಗುವಳು.

ಇಷ್ಟಾದರೂ ಏಳು ಗಂಟೆಗೆ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸಂಜೆ ಅತ್ತೆ ನನ್ನನ್ನು ಎದುರಿಗೆ ಕೂಡಿಸಿಕೊಂಡಳು.

"ಲೇ, ನನ್ನ ಮಾಡಿ ತೋರಸ್ತೀಯಂತಲ್ಲ ಎಲ್ಲಾರಿಗೂ? ನನಗೂ ತೋರಸು."

ತೋರಿಸಿದೆ. ಸೆರಗು ಸಿಕ್ಕಿಸಿ, ಹುಬ್ಬು ಏರಿಸಿ, ಮಾನನೀಯ ಅಧ್ಯಕ್ಷ ಮಹೋದಯರಿಂದ ಹಿಡಿದು ಎಮ್ಮೆಯ ಸತ್ಕಾರದವರೆಗೆ. ಅತ್ತೆ ನಕ್ಕು ನಕ್ಕು ಗೋಡೆಗೆ ಒರಗಿದಳು. ಆಮೇಲೆ ಕಣ್ಣೊರೆಸಿಕೊಂಡು, "ಖರೇನ ಹಿಂಗ ಮಾಡ್ತಿದ್ನೇನೋ? ನನಗೊಂದೂ ನೆನಪಿಲ್ಲ. ನನ್ನ ಸಂಜಿ ಎಲ್ಲಾ ನಿನ್ನ ಕಡೆನ ಉಳದಾವ ನೋಡು" ಎಂದಳು.

ಅಂದಿನಿಂದ ಏಳು ಗಂಟೆಗೆ ಅದೇ ಕಾರ್ಯಕ್ರಮ. ಮಜ್ಜಿಗೆ ಆಕೆಗೆ, ಅಮಲು ನನಗೆ! ಪಂಚಮಿ ದಿನ ಏನು ಮಾಡಿದೆ, ಗಣಪತಿ ಕಳಿಸುವ ದಿನ ಏನಂದೆ ಎಂದು ಕೇಳುವಳು. ನಾನು ಆ ಸಂಜೆಯನ್ನು ತೆಗೆದು ಆಕೆಯ ಮುಂದೆ ಇಡುವೆ. ಮಂಗಳವೇಢೆ ಮುದುಕರ ಸೀರೆಯ ಮೂಲ ತಿಳಿದದ್ದೂ ಹೀಗೆಯೇ. ಒಮ್ಮೆ ಕಾಕುವಿನ ಮೇಲೆ ಮಾಡಿದ ಭಾಷಣ ತೋರಿಸಿದೆ: "ಇವರ ಕೈಯ ಅಡಿಗೆ ತಿಂದೂ ಬದುಕಿ ಉಳಿದ ಸೊಸೆಗೆ ಈ ಸತ್ಕಾರ." ಅತ್ತೆ ಮರುದಿನ ಬೆಳಿಗ್ಗೆಯೇ ಕಾಕುವಿನ ಮನೆಗೆ ಹೋಗಿ ಪೂರ್ತಿ ಭಾಷಣ ಹೇಳಿ ಕ್ಷಮೆ ಕೇಳಿದಳು. ಭಾಷಣ ಆದ ಆ ಸಂಜೆ ಕಾಕು ದುಧನಿಯ ತವರಿನಲ್ಲಿದ್ದಳಂತೆ. ಆಕೆಗೆ ಆ ಸುದ್ದಿಯೇ ಇರಲಿಲ್ಲ! "ಕುಡೀತಿದ್ದಾಗನ ಛಲೋ ಇದ್ದಿ ನೀ!" ಎಂದು ಕಾಕು ಬಾಗಿಲು ಹಾಕಿಕೊಂಡಳು. ಗ್ಲಾಸು ಮೂಸುವ ಕಾಟವೊಂದು ತಪ್ಪಿತು.

ಹೋಳಿ ಬಂತು, ಹೋಯಿತು. ಅತ್ತೆ ತಡೆದಳು. ಅಪ್ಪ ಗಡುವನ್ನು ದೀಪಾವಳಿಗೆ ಮುಂದೂಡಿದರು.

ಎಲ್ಲ ಸಂಜೆ ಕೇಳಿದ ಅತ್ತೆ ಒಂದನ್ನು ಮಾತ್ರ ಕೇಳಿರಲಿಲ್ಲ. ಅಜ್ಜಿಯ ಕೊನೆಯ ಸಂಜೆ. ಅಜ್ಜಿಗೆ ಹುಷಾರಿಲ್ಲವೆಂದು ಅತ್ತೆ ಹನ್ನೂರಿಗೆ ಬಂದಿದ್ದಳು, ಕೈಚೀಲದಲ್ಲಿ ಔಷಧವೂ ಬಂದಿತ್ತು. ದೀಪ ಹಚ್ಚಿದ್ದು ಆಕೆಗೆ ನೆನಪಿದೆ. ಅದರ ಮುಂದಿನ ನೆನಪು ಬೆಳಗಿನದು, ಅಂಗಳದಲ್ಲಿ ಹೆಂಗಸರು ಅಳುತ್ತಿದ್ದದ್ದು. ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊನ್ನೆ ಎಮ್ಮೆಯ ಸತ್ಕಾರ ಮುಗಿಸಿ ನಾನು ಚೀಲ ಹೆಗಲಿಗೇರಿಸಿದ್ದೆ. ಅತ್ತೆ ಗ್ಲಾಸಿನ ಮೇಲಿನ ತಟ್ಟೆಯನ್ನು ತಿರುಗಿಸುತ್ತ ಕೂತಿದ್ದಳು.

"ಅವ್ವ ಅವತ್ತು ಬೈದಳೇನೋ ನನಗ?"

ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ.

"ಬೈದಿದ್ರ ಬೈದಂಗ ಮಾಡು. ಮುಚ್ಚಬ್ಯಾಡ."

ಚೀಲ ಕೆಳಗಿಟ್ಟೆ. ಅಜ್ಜಿಯ ದನಿ ಬರುತ್ತದೋ ಇಲ್ಲವೋ ಎಂದು ಅಳುಕಿತ್ತು, ಬಂತು. ಹಲ್ಲಿಲ್ಲದ ಬಾಯಿ, ಮಾತಿನ ನಡುವೆ ಎಳೆಯುವ ಉಸಿರು, ಹೊರಸಿನ ಮಂಚದಿಂದ ಕೆಳಗಿಳಿದು ನೆಲದ ಮೇಲೆ ಕೂರುವಾಗಿನ ನರಳಿಕೆ.

"ಭಾಳ ನೋಯಾಕತ್ತಾವೇನ ತಂಗಿ? ದಿನಾ ಔಷಧ ಕುಡದ್ರೂ ಕಡಿಮಿ ಆಗವಲ್ವು ಅಂತ ನಿಮ್ಮ ವೈನಿ ಹೇಳ್ಯಾಳ. ಮಿಷನ್ ತುಳದು ತುಳದು ಏನಾಗ್ಯಾವ ನೋಡು. ತಾ ಇಲ್ಲಿ ಕಾಲು, ಒತ್ತತೀನಿ. ನಾಚಬ್ಯಾಡ, ಚಾಚು."

ಅವತ್ತು ಅತ್ತೆ ನಿದ್ದೆ ಹೋಗುವ ತನಕ ಅಜ್ಜಿ ಒತ್ತುತ್ತಲೇ ಇದ್ದಳು. ಆ ಔಷಧ ಎಂಥದ್ದೆಂದು ಅಜ್ಜಿಗೆ ಗೊತ್ತಿತ್ತೇ? ನನಗೆ ಆಕೆಯ ದನಿ ಬರುತ್ತದೆ. ಅದು ಮಾತ್ರ ಬರುವುದಿಲ್ಲ.

ಅತ್ತೆ ಮಜ್ಜಿಗೆಯ ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. ಸೀರೆಯನ್ನು ಒಂದಿಷ್ಟು ಮೇಲೆತ್ತಿ, ಮೆಲ್ಲಗೆ ಎರಡೂ ಕಾಲು ನನ್ನ ಮುಂದೆ ಚಾಚಿದಳು. ಇಷ್ಟು ವರ್ಷ ಮನೆಮಂದಿಯೆಲ್ಲ ಆ ಕಾಲುಗಳ ಬಗ್ಗೆ ಮಾತಾಡಿದ್ದೆವು, ನೋಡಿದವರು ಯಾರೂ ಇರಲಿಲ್ಲ. ಪಾದದ ಹರಡಿನ ಸುತ್ತ ಊದಿದ್ದವು. ನಾನು ಒತ್ತಿದಲ್ಲಿ ಹೆಬ್ಬೆರಳಿನ ಕುಳಿ ಹಾಗೇ ಉಳಿಯುತ್ತಿತ್ತು.

"ಹೋಗೋ, ಬಸ್ ತಪ್ಪತದ" ಎಂದಳು ಅತ್ತೆ. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.