ಭಾವ ಬಂದೂಕು ತೊಳೆದದ್ದು

ನಮ್ಮ ಭಾವನಿಗೆ ಗೊತ್ತಿಲ್ಲದ ವಸ್ತು ಈ ಭೂಮಿಯ ಮೇಲಿಲ್ಲ. ಗೊತ್ತಿರುವುದೆಲ್ಲ ತಪ್ಪು ಎನ್ನುವುದೊಂದೇ ತೊಂದರೆ! ಅಕ್ಕನನ್ನು ಮದುವೆಯಾಗಿ ಜಪಾನಿನ ಸಗಮಿಹಾರಾಕ್ಕೆ ಬಂದ ಮೇಲೆ ಈ ಕಾಯಿಲೆ ಇನ್ನೂ ಉಲ್ಬಣಿಸಿದೆ. ಕೊಂಬಿನಿ ಎನ್ನುವ ಇಲ್ಲಿನ ಬೀದಿಬದಿಯ ಅಂಗಡಿಯಿಂದ ಹುಳಿತ ಸೋಯಾ ಕಾಳು ತಂದು, ನಮ್ಮ ಅವರೆಕಾಳೇ ಎಂದು ನನಗೆ ತಿನ್ನಿಸಿದ ಮಹಾನುಭಾವರು ಇವರು. ಅವತ್ತಿನಿಂದ ನನಗೆ ಅವರೆಕಾಳಿನ ಮೇಲೂ ನಂಬಿಕೆಯಿಲ್ಲ.

ಇಂಥವರ ಕೈಗೆ ಪಕ್ಕದ ಮನೆಯ ಅಜ್ಜಿ ಒಕಾದಾ ಸಾನ್ ಬಂದೂಕು ಕೊಟ್ಟರೆ ಏನಾಗಬೇಕು? ಆ ವಿಧವೆ ಅಜ್ಜಿಯ ಗಂಡ ಎಂದೋ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಇದು ಸ್ಪೇನಿನ ಸಿಪಾಯಿಯ ಬಂದೂಕು ಎಂದು ಸಾಯುವವರೆಗೂ ಹೇಳುತ್ತಿದ್ದರಂತೆ. ಮೋಸಹೋದ ಎಂದು ನೆಂಟರೆಲ್ಲ ನಕ್ಕಿದ್ದರು, ಅಜ್ಜಿಯೂ ನಕ್ಕಿದ್ದರು. ಈಗ ವಸ್ತುಸಂಗ್ರಹಾಲಯದ ಪರಿಣತರೊಬ್ಬರು ನೋಡಲು ಬರುವವರಿದ್ದರು. ಗಂಡ ನಿಜವಾಗಿಯೂ ಮೋಸಹೋಗಿದ್ದರೇ ಎಂಬುದಷ್ಟೇ ಅಜ್ಜಿಯ ಚಿಂತೆ.

ಭಾವ ಬಂದೂಕನ್ನು ಒಮ್ಮೆ ತಿರುಗಿಸಿ ನೋಡಿ ತೀರ್ಪು ಕೊಟ್ಟೇಬಿಟ್ಟರು. ಗುಂಡು ಸಿಡಿಸಲು ಬಡಿಯುವ ಕೊಕ್ಕೆಗೆ ಕುದುರೆ ಎನ್ನುತ್ತಾರೆ; ಅದರ ಬಾಯಿ ಖಾಲಿಯಿತ್ತಲ್ಲ, ಅದು ಉರಿಯುವ ಬತ್ತಿ ಸಿಕ್ಕಿಸುವ ಜಾಗವಂತೆ. ಅಂದಮೇಲೆ ಇದು ಜಪಾನಿನದೇ ಬತ್ತಿಕೋವಿ. ಹೊರಗೆ ಎದ್ದು ಕಾಣುತ್ತಿದ್ದ ದಪ್ಪ ಸ್ಪ್ರಿಂಗ್ ನೋಡಿ ಮೂಗು ಮುರಿದರು. "ಸ್ಪ್ರಿಂಗ್ ಯಾರಾದ್ರೂ ಹೊರಗಡೆ ಇಡ್ತಾರೇನೋ? ಯಾವನೋ ರಿಪೇರಿ ಮಾಡಿ ಕೆಡಿಸಿದಾನೆ," ಎಂದರು. ಇವರಿಗೆ ಸಂಬಳ ಬರುವುದೇ ಕಾರಿನ ಸ್ಪ್ರಿಂಗ್ ವಿನ್ಯಾಸ ಮಾಡಿದ್ದಕ್ಕೆ! ಅಜ್ಜಿಯ ಮುಖ ಬಾಡಿತು.

ಅಲ್ಲಿಗೆ ಸುಮ್ಮನಿದ್ದರೆ ಅವರು ನಮ್ಮ ಭಾವನೇ? ಅವತ್ತು ಆಯುಧಪೂಜೆ. ಜಪಾನಿನಲ್ಲಿ ಲ್ಯಾಪ್‌ಟಾಪಿಗೂ ರೈಸ್ ಕುಕ್ಕರಿಗೂ ಕುಂಕುಮವಿಟ್ಟು ಬೇಸತ್ತಿದ್ದವರಿಗೆ ನಿಜವಾದ ಆಯುಧವೇ ಸಿಕ್ಕಿತು. ಅಜ್ಜಿಯ ಒಪ್ಪಿಗೆ ಪಡೆದು ಅವರ ಅಂಗಳದಲ್ಲೇ ಕುಳಿತು, ಬಂದೂಕಿನ ಹಿತ್ತಾಳೆ ಪಟ್ಟಿಗಳನ್ನೂ ಕಬ್ಬಿಣವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದರು, ಮದುವೆಮನೆಯ ಚೆಂಬು ಬೆಳಗುವ ಹಾಗೆ. ಆಮೇಲೆ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ.

ಪರಿಣತರು ಬಂದಾಗ ಬಂದೂಕು ಫಳಫಳ ಹೊಳೆಯುತ್ತಿತ್ತು. ಅವರ ಮುಖ ಕಪ್ಪಿಟ್ಟಿತು. ಶತಮಾನಗಳಿಂದ ಲೋಹದ ಮೇಲೆ ಕಟ್ಟಿದ್ದ ಹಳೆಯ ಬಣ್ಣವನ್ನು ಯಾರು ಕಿತ್ತುಹಾಕಿದ್ದು ಎಂದು ಬಹಳ ವಿನಯದಿಂದ ಕೇಳಿದರು. ಜಪಾನಿನಲ್ಲಿ ಬೈಗುಳ ಹಾಗೇ ಇರುತ್ತದೆ. ಭಾವ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ಸೊಂಟ ಮುರಿಯುವಷ್ಟು ಬಾಗಿದರು. ನನಗೆ ಎಂಥ ಆನಂದ!

ಆಮೇಲೆ ಪರಿಣತರು ಕನ್ನಡಕ ಏರಿಸಿದರು. ಕುದುರೆಯ ಬಾಯಿ ಬತ್ತಿಗಲ್ಲ, ಚಕಮಕಿ ಕಲ್ಲಿಗೆ. ಸ್ಪ್ರಿಂಗ್ ಹೊರಗಿಡುವುದು, ತಿರುಪಿನ ತಲೆಗೆ ಉಂಗುರ ಹಾಕುವುದು ಸ್ಪೇನಿನವರ ಪದ್ಧತಿ. ಹುಣಸೆಹಣ್ಣು ಹಳೆಯ ಬಣ್ಣವನ್ನು ತಿಂದುಹಾಕಿದ ಜಾಗದಲ್ಲಿ ಪುಟ್ಟ ಕಿರೀಟದ ಮುದ್ರೆ ಎದ್ದಿತ್ತು. ಸ್ಪೇನಿನ ಸೈನ್ಯದ್ದೇ ಎಂದರು.

ಒಕಾದಾ ಸಾನ್ ಗಂಡನ ಫೋಟೋದ ಮುಂದೆ ಹೋಗಿ ಬಹಳ ಹೊತ್ತು ಕುಳಿತರು. ಎದ್ದು ಬಂದು ಭಾವನ ಹುಳಿಹತ್ತಿದ ಕೈ ಹಿಡಿದುಕೊಂಡು ಏನೋ ಹೇಳಿದರು. ಅಕ್ಕ ಕನ್ನಡಕ್ಕೆ ತಂದಳು, ತಡೆದು ತಡೆದು. "ಅವರ ಯಜಮಾನರೂ ನಿಮ್ಮ ಥರಾನೇ ಇದ್ರಂತೆ. ಎಲ್ಲಾದಕ್ಕೂ ಏನಾದ್ರೂ ಹೇಳೋರಂತೆ. ಒಂದು ಸಲನಾದ್ರೂ ನಾನು ಹೌದು ಅನ್ನಬೇಕಿತ್ತು ಅಂತಿದಾರೆ."

ಮನೆಗೆ ಬರುವ ದಾರಿಯಲ್ಲಿ ಯಾರದೋ ಬೇಲಿಯ ತುಂಬ ಪುಟ್ಟ ಪುಟ್ಟ ಕಿತ್ತಳೆ ಬಣ್ಣದ ಹೂ, ಘಮ್ಮೆನ್ನುವ ಪರಿಮಳ. ಭಾವ ನಿಂತರು. ದನಿ ಇನ್ನೂ ಸಣ್ಣಗಿತ್ತು. "ಸಂಪಿಗೆ ಅಲ್ವೇನೇ ಇದು?"

ಅದು ಯಾವ ಕೋನದಿಂದಲೂ ಸಂಪಿಗೆಯಲ್ಲ. ಅಕ್ಕ ಬಾಯಿ ತೆರೆದಳು. ಇಷ್ಟು ವರ್ಷ ಭಾವನ ಮಾತಿಗೆಲ್ಲ ನಕ್ಕ ಬಾಯಿ.

"ಹೌದು ರೀ," ಎಂದಳು. "ಸಂಪಿಗೆನೇ."