ಗೋಣಿಚೀಲದ ಮೇಲೆ ಮಲಗುವ ಬ್ಯಾಟು

ಬ್ಯಾಟು ಇರುವುದು ಚೆಂಡು ಹೊಡೆಯುವುದಕ್ಕೆ ಎಂಬುದನ್ನು ಒಪ್ಪದ ಸಾಫ್ಟ್‌ಬಾಲ್ ಮೇಡಂ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ದುರದೃಷ್ಟಕ್ಕೆ ಅವರು ನನ್ನ ಸೋದರತ್ತೆ! ಇನ್ನೂ ದುರದೃಷ್ಟಕ್ಕೆ, ಶಿಡ್ಲಘಟ್ಟದಲ್ಲಿ ನಾನು ಓದುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿಗೇ ಅವರು ಪಿ.ಟಿ. ಟೀಚರು.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಮಗಿದ್ದದ್ದು ಒಂದೇ ಮರದ ಬ್ಯಾಟು. ಅದು ಸೀಳು ಬಿಟ್ಟಾಗಲೆಲ್ಲ ಅತ್ತೆ ನೂಲು ತೆಗೆಯುವವರ ಮನೆಯಿಂದ ರೇಷ್ಮೆ ಎಳೆ ತಂದು, ಅಂಟು ಸವರಿ ಸುತ್ತುತ್ತಿದ್ದರು. ಸುತ್ತಿ ಸುತ್ತಿ ಅದು ಒನಕೆಯ ಗಾತ್ರಕ್ಕೆ ಬಂದಿತ್ತು. ಇಷ್ಟು ರೇಷ್ಮೆ ಉಟ್ಟ ಬ್ಯಾಟು ಜಗತ್ತಿನಲ್ಲಿ ಬೇರೆ ಎಲ್ಲಾದರೂ ಇದ್ದರೆ ತೋರಿಸಿ!

ಕೊನೆಗೊಂದು ದಿನ ಅಲ್ಯೂಮಿನಿಯಂ ಬ್ಯಾಟು ಮಂಜೂರಾಯಿತು. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಅತ್ತೆ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ತಂದರು.

“ಮೇಲಿಡಿ ಮೇಡಂ, ಅದೇನು ಮಗೂನಾ?” ಎಂದ ಕಂಡಕ್ಟರ್.

“ಮಗು ಆಗಿದ್ರೆ ಮೇಲಿಡ್ತಿದ್ದೆ ಕಣಪ್ಪ. ಬಿದ್ರೂ ಅತ್ತು ಸುಮ್ಮನಾಗುತ್ತೆ!”

ಅಂದಿನಿಂದ ನನಗೆ ಇದ್ದದ್ದು ಒಂದೇ ಆಸೆ. ಆ ಬೆಳ್ಳಿ ಬ್ಯಾಟಿನಲ್ಲಿ ಒಂದೇ ಒಂದು ಚೆಂಡು ಹೊಡೆಯಬೇಕು. ಅದು ಪ್ರತಿ ಪಂದ್ಯಕ್ಕೂ ನಮ್ಮ ಜೊತೆ ಬರುತ್ತಿತ್ತು, ಸೀರೆಯೊಳಗೇ ಕೂತು ಆಟ ನೋಡಿ ವಾಪಸಾಗುತ್ತಿತ್ತು. ನಾನೋ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು. ಬಿಡುತ್ತೇನೆಯೇ?

“ಅತ್ತೆ, ಬಳಸದೇ ಇಟ್ಟ ವಸ್ತು ಬಾಳಿಕೆ ಬಂತು ಅನ್ನೋದಕ್ಕೆ ಪುರಾವೆ ಏನು?”

“ಮುರಿದಿಲ್ಲವಲ್ಲ, ಅದೇ ಪುರಾವೆ. ಹೋಗು, ಹತ್ತು ರೌಂಡ್ ಓಡು.”

ಮರದ ಬ್ಯಾಟಿಗೂ ಕಾನೂನಿತ್ತು. ಹೊಡೆದ ಮೇಲೆ ಅದನ್ನು ನೆಲಕ್ಕೆ ಎಸೆಯುವಂತಿಲ್ಲ. ಪಕ್ಕದಲ್ಲಿ ಮಡಿಸಿಟ್ಟ ಗೋಣಿಚೀಲದ ಮೇಲೆ ಮೆತ್ತಗೆ ಮಲಗಿಸಿ ಆಮೇಲೆ ಬೇಸ್ ಕಡೆಗೆ ಓಡಬೇಕು; ಚೆಂಡು ಮೊದಲು ಬಂದರೆ ಔಟು. ಅಷ್ಟು ಹೊತ್ತಿಗೆ ಚೆಂಡು ನಮಗಿಂತ ಮೊದಲೇ ಬೇಸ್ ತಲುಪಿ ವಿಶ್ರಾಂತಿ ಪಡೆಯುತ್ತಿತ್ತು! ಚಿಂತಾಮಣಿಯಲ್ಲಿ ಒಬ್ಬರ ಹಿಂದೊಬ್ಬರು ಹೀಗೆ ಔಟಾದಾಗ ಆ ಊರಿನ ಹುಡುಗಿಯರು “ಏಮ್ಮಾ, ಬಿಡ್ಡನಿ ಪಡುಕೋಬೆಟ್ಟಿ ವಸ್ತಾರಾ?” ಎಂದು ತೆಲುಗಿನಲ್ಲಿ ಕೂಗಿದರು. ಮಗು ಮಲಗಿಸಿ ಬರ್ತೀರಾ ಅಂತ! ಅತ್ತೆ ಮಾತ್ರ ಗೋಣಿಚೀಲದ ಧೂಳು ಕೊಡವುತ್ತ, “ಸೋತ್ರೂ ಬ್ಯಾಟು ಗಟ್ಟಿಯಾಗೈತೆ” ಎಂದರು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಕೊನೆಯ ಪಂದ್ಯ ಗೌರಿಬಿದನೂರಿನಲ್ಲಿ. ನನಗಿಂತ ಮುಂಚಿನ ಹುಡುಗಿ ಬೀಸಿದ ಏಟಿಗೆ ಮರದ ಬ್ಯಾಟು ಎರಡು ತುಂಡಾಯಿತು. ಇನ್ನು ಯಾವ ರೇಷ್ಮೆಯೂ ಅದನ್ನು ಉಳಿಸಲಾರದು.

“ಎದುರು ಟೀಮಿನವರ ಬ್ಯಾಟು ಕೇಳಿ ಇಸ್ಕೊಳಿ ಮೇಡಂ,” ಎಂದರು ಅಂಪೈರು.

ಅತ್ತೆ ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಬೆಳ್ಳಿ ಬ್ಯಾಟು ಸುತ್ತಿದ್ದ ಹಳೇ ಸೀರೆಯ ಗಂಟು ಬಿಚ್ಚಿದರು.

ಠಣ್! ಚೆಂಡು ಎಲ್ಲರನ್ನೂ ದಾಟಿ ಹೋಯಿತು. ಅಭ್ಯಾಸಬಲ ನೋಡಿ, ನಾನು ಬಗ್ಗಿ ಗೋಣಿಚೀಲ ಹುಡುಕುತ್ತಿದ್ದೇನೆ!

“ಬಿಸಾಕೇ! ಬಿಸಾಕಿ ಓಡೇ!”

ಕೂಗಿದವರು ಅತ್ತೆ! ಬ್ಯಾಟು ಕಲ್ಲಿನ ಮೇಲೆ ಬಿತ್ತು. ನಾನು ಬೇಸ್ ಮುಟ್ಟಿದೆ. ಮುಂದಿನವಳು ಔಟಾದಳು, ಪಂದ್ಯ ಸೋತೆವು. ಅದು ಬೇರೆ ವಿಷಯ.

ಎಲ್ಲರೂ ಹೋದ ಮೇಲೆ ಅತ್ತೆ ಬ್ಯಾಟಿನಲ್ಲಿ ಬಿದ್ದ ತಗ್ಗನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

“ಹೊಡೆದಾಗ ಕೈಗೆ ಹೆಂಗನ್ನಿಸ್ತೇ?”

“ನಿಮಗೆ ಗೊತ್ತಿಲ್ವಾ ಅತ್ತೆ?”

“ನಮ್ಮ ಸ್ಕೂಲಲ್ಲಿ ಹುಡುಗೀರಿಗೆಲ್ಲ ಸೇರಿ ಒಂದೇ ಬ್ಯಾಟಿತ್ತು ಕಣೇ. ನನ್ನ ಸರದಿ ಬರೋಷ್ಟರಲ್ಲಿ ಮುರಿದ್ಹೋಯ್ತು. ಇನ್ನೊಂದು ಕೊಡಿಸ್ಲಿಲ್ಲ. ಆಮೇಲೆ ಹೊಡೆಯೋರು ನೀವು, ಹೇಳ್ಕೊಡೋಳು ನಾನು.”

ಮೈದಾನ ಖಾಲಿಯಿತ್ತು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಚೆಂಡು ನನ್ನ ಕೈಯಲ್ಲೇ, ಬ್ಯಾಟು ಅತ್ತೆಯ ಕೈಯಲ್ಲೇ ಇತ್ತು. ನಾನು ಮಾಡಿದ್ದೇನು? ಈ ಬ್ಯಾಟನ್ನು ಮೊದಲೇ ಕೊಟ್ಟಿದ್ದರೆ ನಾವು ಹೇಗೆ ಗೆಲ್ಲುತ್ತಿದ್ದೆವು ಎಂದು ಬಸ್ ನಿಲ್ದಾಣದವರೆಗೂ ವಾದಿಸುತ್ತ ನಡೆದೆ. ಅತ್ತೆ ಬ್ಯಾಟನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು, “ಹೂಂ, ಹೌದು ಕಣೇ” ಎನ್ನುತ್ತ ಬಂದರು. ಆ ಬೇಸಿಗೆಯಲ್ಲಿ ಅವರಿಗೆ ಮೈದಾನವೇ ಇಲ್ಲದ ಶಾಲೆಗೆ ವರ್ಗವಾಯಿತು.

ವಾದದಲ್ಲಿ ಅಂದು ನಾನೇ ಗೆದ್ದಿದ್ದೆ.